ಕಾನೂನು ಉಳಿಯಿತು, ವಿಮೆ ಹೋಯಿತು

ಒಬಾಮಾಕೇರ್ ಎಂದೇ ಹೆಸರಾದ ಅಮೆರಿಕದ 2010ರ ಆರೋಗ್ಯ ವಿಮಾ ಸುಧಾರಣಾ ಕಾನೂನು ಇರಬೇಕೋ ಹೋಗಬೇಕೋ ಎಂಬ ಜಗಳ ವಾಷಿಂಗ್ಟನ್ನಿನದು ಎಂದೇ ನಾವು ಓದುತ್ತ ಬಂದಿದ್ದೇವೆ. ಬಡವರ ಮಟ್ಟಿಗೆ ಅದರ ಹಣೆಬರಹ ಬರೆಯುತ್ತಿರುವುದು ರಾಜ್ಯಗಳು. ಬಡವರ ಸರ್ಕಾರಿ ವಿಮೆಯಾದ ಮೆಡಿಕೈಡನ್ನು ಆ ಕಾನೂನಿನಂತೆ ವಿಸ್ತರಿಸಲೇಬೇಕೆಂದು ರಾಜ್ಯಗಳ ಮೇಲೆ ಬಲವಂತ ಮಾಡುವಂತಿಲ್ಲ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಈವರೆಗೆ 40 ರಾಜ್ಯಗಳು ವಿಸ್ತರಿಸಿವೆ. ಮೇಯ್ನ್, ಇಡಾಹೊ, ಮಿಸ್ಸೌರಿಗಳಲ್ಲಿ ಆಳುವವರು ಒಲ್ಲೆ ಎಂದಾಗ ಜನರೇ ನೇರ ಮತದಾನದಲ್ಲಿ ಬೇಕೆಂದರು. ಇಂಥ ಸೌಲಭ್ಯವನ್ನು ಬಹಿರಂಗವಾಗಿ ಕಿತ್ತುಕೊಳ್ಳಲು ಧೈರ್ಯ ಸಾಲದವರು ಈಗ ಫಾರಂಗಳ ಮೊರೆ ಹೊಕ್ಕಿದ್ದಾರೆ. ನನ್ನ ತಕರಾರು ಇರುವುದು ಇಲ್ಲೇ.

ಅರ್ಕಾನ್ಸಾದಲ್ಲಿ 2018ರ ಜೂನ್‌ನಿಂದ ಏನು ನಡೆಯಿತು ನೋಡಿ. ವಿಮೆ ಬೇಕಿದ್ದರೆ ತಿಂಗಳಿಗೆ 80 ಗಂಟೆ ದುಡಿದಿದ್ದೇನೆಂದು ವರದಿ ಕೊಡಬೇಕು, ಅದೂ ಮೊದಮೊದಲು ಆನ್‌ಲೈನ್‌ನಲ್ಲೇ. ಆ ಜಾಲತಾಣವೋ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಬಂದ್! ಹಗಲೆಲ್ಲ ಕೆಲಸ ಮಾಡಿ ಬಂದವನು ಕೆಲಸ ಮಾಡಿದ್ದಕ್ಕೆ ಪುರಾವೆ ಕೊಡುವುದು ಯಾವಾಗ? ಮೂರು ತಿಂಗಳು ತಪ್ಪಿದರೆ ಆ ವರ್ಷ ಮುಗಿಯುವವರೆಗೆ ವಿಮೆ ಇಲ್ಲ. ವರ್ಷಾಂತ್ಯದೊಳಗೆ 18,000ಕ್ಕೂ ಹೆಚ್ಚು ಜನ ಪಟ್ಟಿಯಿಂದ ಹೊರಬಿದ್ದರು. ಕೈಕಾಲು ಗಟ್ಟಿಯಿರುವವರು ದುಡಿಯಲಿ ಎನ್ನುವುದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ತಪ್ಪಿಲ್ಲ. ಆದರೆ ಅಲ್ಲಿ ದುಡಿಮೆ ಹೆಚ್ಚಲಿಲ್ಲ. ಹಾರ್ವರ್ಡ್ ಸಂಶೋಧಕರು ಲೆಕ್ಕ ಹಾಕಿದಾಗ, ನಿಯಮಕ್ಕೆ ಒಳಪಟ್ಟ ವಯಸ್ಸಿನವರಲ್ಲಿ ಶೇ 95ಕ್ಕಿಂತ ಹೆಚ್ಚು ಮಂದಿ ಆಗಲೇ ಷರತ್ತು ಪೂರೈಸುತ್ತಿದ್ದರು ಇಲ್ಲವೇ ವಿನಾಯಿತಿಗೆ ಅರ್ಹರಾಗಿದ್ದರು. 2019ರ ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಲಯ ಈ ಷರತ್ತಿಗೆ ತಡೆ ಹಾಕಿತು.

ವಿಸ್ತರಣೆ ಒಲ್ಲದವರ ದುಡ್ಡಿನ ವಾದ ಇದಕ್ಕಿಂತ ತೂಕದ್ದು. ವಿಸ್ತರಣೆಯ ಖರ್ಚಿನಲ್ಲಿ ಶೇ 90ನ್ನು ಕೇಂದ್ರ ಭರಿಸುತ್ತದೆ. ನಾಳೆ ಅದು ಕೈಬಿಟ್ಟರೆ ನೋಟು ಮುದ್ರಿಸಲಾಗದ ರಾಜ್ಯ ಏನು ಮಾಡಬೇಕು? ಈ ಅಂಜಿಕೆಯಿಂದಲೇ ನಾರ್ತ್ ಕ್ಯಾರೊಲಿನಾದಂಥ ರಾಜ್ಯಗಳು, ಕೇಂದ್ರದ ಪಾಲು ಶೇ 90ಕ್ಕಿಂತ ಇಳಿದರೆ ವಿಸ್ತರಣೆ ತಾನಾಗಿಯೇ ರದ್ದಾಗುವಂತೆ ಕಾನೂನು ಬರೆದಿವೆ. ಅಂಜಿಕೆ ನಿಜವೇ. ಆದರೆ ಅಂಥ ದಿನ ಬಂದಾಗ ತೆರಿಗೆ ಏರಿಸಬೇಕೋ, ಬೇರೆ ಖರ್ಚು ಕಡಿಯಬೇಕೋ, ವಿಮೆಯನ್ನೇ ನಿಲ್ಲಿಸಬೇಕೋ ಎಂದು ಚರ್ಚಿಸಲಿಕ್ಕಲ್ಲವೇ ಶಾಸನಸಭೆ ಇರುವುದು? ಇನ್ನು ಫಾರಂಗಳ ವಿಷಯಕ್ಕೆ ಮರಳಿದರೆ, 2025ರ ಹೊಸ ಕೇಂದ್ರ ಕಾನೂನು ಮೆಡಿಕೈಡ್ ವಿಸ್ತರಿಸಿದ ರಾಜ್ಯಗಳಿಗೆಲ್ಲ 80 ಗಂಟೆಯ ಷರತ್ತನ್ನು 2027ರಿಂದ ಅನ್ವಯಿಸುತ್ತದೆ. ಆಗಲೂ ಒಂದಷ್ಟು ತೀರ್ಮಾನ ರಾಜ್ಯಗಳ ಕೈಯಲ್ಲೇ ಇರುತ್ತದೆ: ಅರ್ಜಿಗೆ ಮುಂಚಿನ ಒಂದು ತಿಂಗಳ ದುಡಿಮೆ ನೋಡಬೇಕೋ, ಮೂರು ತಿಂಗಳದ್ದೋ, ಸರ್ಕಾರದ ಬಳಿಯೇ ಇರುವ ವೇತನ ದಾಖಲೆಯನ್ನು ಎಷ್ಟರಮಟ್ಟಿಗೆ ಬಳಸಿಕೊಳ್ಳಬೇಕು. ಆ ದಾಖಲೆ ತೆಗೆದು ನೋಡುವ ಶ್ರಮವನ್ನೂ ಪಡದೆ ಕೂಲಿಯವನ ಕೈಗೇ ಮತ್ತೆ ಫಾರಂ ಕೊಡುವ ರಾಜ್ಯ, ವಿಮೆ ರದ್ದತಿಯ ಮಸೂದೆಯನ್ನೇ ನೇರವಾಗಿ ಮಂಡಿಸಲಿ. ಯಾರು ಕೈಯೆತ್ತಿದರು ಎಂಬುದು ಕಡತದಲ್ಲಿ ದಾಖಲಾಗಲಿ.