ಸಿಕ್ಕ ಊರೇ ಬರೆದ ಊರಲ್ಲ

ಬೀದರ್, ಭಾಲ್ಕಿ, ಔರಾದ್ ಕಡೆ ಸಿಗುವ ಓಲೆಗರಿಗಳ ಅಕ್ಷರದ ದುಂಡು ನೋಡಿಯೇ ಅವು ಇಲ್ಲಿ ಬರೆದವೆಂದು ಹೇಳಬಹುದು ಎಂಬ ವಾದ ಪ್ರಕಟವಾಗಿದೆ. ಇದು ಅಭಿಮಾನದ ಮಾತು, ಲಿಪಿಶಾಸ್ತ್ರವಲ್ಲ.

ದುಂಡು ಯಾವ ಊರಿನ ಗುರುತೂ ಅಲ್ಲ. ಕಬ್ಬಿಣದ ಕಂಟದಿಂದ ನೇರ ಅಡ್ಡಗೆರೆ ಕೊರೆದರೆ ಗರಿ ಸೀಳುತ್ತದೆ. ಒಡಿಶಾದ ಲಿಪಿಕಾರನೂ ಅದಕ್ಕೇ ಅಕ್ಷರ ಬಾಗಿಸಿದ. ಮೇಲಾಗಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕನ್ನಡಕ್ಕೂ ತೆಲುಗಿಗೂ ಹೆಚ್ಚುಕಡಿಮೆ ಒಂದೇ ಲಿಪಿ. ಮಹಾರಾಷ್ಟ್ರ, ತೆಲಂಗಾಣಗಳ ಗಡಿಯ ಔರಾದನ್ನು ಅದರೊಳಗಿಂದ ಬೇರ್ಪಡಿಸುವುದು ಹೇಗೆ?

ಕೈಬರಹ ಹೇಳುವುದು ಲಿಪಿಕಾರ ಕಲಿತ ಪರಂಪರೆಯನ್ನು, ಅವನು ಕೂತು ಬರೆದ ಊರನ್ನಲ್ಲ. ಬೀದರಿನಲ್ಲಿರುವ 1472ರ ಮಹಮೂದ್ ಗವಾನ್ ಮದರಸಾಕ್ಕೆ ಪರ್ಷಿಯಾ ಕಡೆಯಿಂದ ವಿದ್ವಾಂಸರು ಬಂದರು. ಅಂಥವರು ಬೀದರಿನಲ್ಲೇ ಬರೆದ ಪ್ರತಿಯಲ್ಲೂ ಕಾಣುವುದು ಪರ್ಷಿಯಾದ ಕೈಯೇ.

ಹಾಗೆಂದು ಕೈಬರಹ ನಿರುಪಯೋಗಿಯಲ್ಲ. ಬೀದರ್ ಜಿಲ್ಲೆಯಲ್ಲಿ ಕಾಲ ನಮೂದಾದ ಶಾಸನಗಳಿವೆ. ಮೊದಲು ಅವುಗಳ ಅಕ್ಷರಪಟ್ಟಿ ಮಾಡಿ. ಉಳಿಗೂ ಕಂಟಕ್ಕೂ ಇರುವ ವ್ಯತ್ಯಾಸ ಕಳೆದು ಓಲೆಯೊಂದಿಗೆ ಹೋಲಿಸಿ. ಗ್ರಂಥದ ಕೊನೆಯಲ್ಲಿ ಲಿಪಿಕಾರ ತನ್ನ ಊರು, ಸಂವತ್ಸರ ಬರೆದಿದ್ದರೆ ಅದನ್ನೇ ಮುಂದಿಡಿ. ಅಲ್ಲಿಯವರೆಗೆ ‘ನಮ್ಮ ಸೀಮೆಯ ಕೈ’ ಎಂಬುದು ಊಹೆ. ಊಹೆ ಎಂದೇ ಅಚ್ಚಾಗಲಿ.