ಬೆಳೆಯದ ಹುಲ್ಲಿನ ಬೇಸಾಯ

ಹುಲ್ಲಿಗೆ ಬಿಸಿಲು ಬೇಕೆಂಬುದು ದನ ಕಾಯುವ ಹುಡುಗನಿಗೂ ತಿಳಿದ ಸಂಗತಿ. ಅಮೆರಿಕದ ಹ್ಯೂಸ್ಟನ್ ನಗರದವರು 1965ರಲ್ಲಿ ಅದನ್ನು ಹೊಸದಾಗಿ ಕಲಿಯಬೇಕಾಯಿತು. ಬೇಸ್‌ಬಾಲ್ ಆಟಕ್ಕೆಂದು ಅವರು ಕಟ್ಟಿಸಿದ ಆಸ್ಟ್ರೋಡೋಮ್ ಎಂಬ ಮಹಾ ಕ್ರೀಡಾಂಗಣಕ್ಕೆ ಮೇಲ್ಛಾವಣಿ ಇತ್ತು. ಛಾವಣಿಯಲ್ಲಿ ಬೆಳಕು ಇಳಿಯಲು ಪಾರದರ್ಶಕ ಹಲಗೆಗಳಿದ್ದುವು. ಕೆಳಗೆ ನಿಜವಾದ ಹುಲ್ಲು ಬೆಳೆದಿತ್ತು. ಆದರೆ ಮೇಲಕ್ಕೆ ಚಿಮ್ಮಿದ ಚೆಂಡನ್ನು ನೋಡಲು ಕತ್ತೆತ್ತಿದ ಆಟಗಾರನ ಕಣ್ಣು ಕೋರೈಸಿ, ಚೆಂಡೇ ಕಾಣದಂತಾಗುತ್ತಿತ್ತು. ಹಲಗೆಗಳಿಗೆ ಬಣ್ಣ ಬಳಿಸಿದರು. ಆಟಗಾರನ ತೊಂದರೆ ನೀಗಿತು, ಹುಲ್ಲು ಸತ್ತಿತು. ಸತ್ತ ಹುಲ್ಲಿಗೂ ಮಣ್ಣಿಗೂ ಹಸಿರು ಬಣ್ಣ ಹಚ್ಚಿ ಆ ವರ್ಷದ ಪಂದ್ಯಗಳನ್ನು ಹೇಗೋ ಮುಗಿಸಿದರು. 1966ರಲ್ಲಿ ಮೊನ್ಸ್ಯಾಂಟೊ ಕಂಪೆನಿಯ ನೈಲಾನಿನ ಹಾಸು ಅಲ್ಲಿಗೆ ಬಂದಿತು. ಎರಡು ವರ್ಷ ಮೊದಲೇ ಪ್ರಾವಿಡೆನ್ಸ್ ಪಟ್ಟಣದ ಶಾಲೆಯೊಂದರಲ್ಲಿ ‘ಕೆಮ್‌ಗ್ರಾಸ್’ ಎಂಬ ಹೆಸರಿನಿಂದ ಹಾಸಲಾಗಿದ್ದ ಈ ಸರಕು, ಕ್ರೀಡಾಂಗಣದ ಹೆಸರನ್ನು ಹೊತ್ತು ‘ಆಸ್ಟ್ರೋಟರ್ಫ್’ ಎನಿಸಿಕೊಂಡು ಲೋಕಪ್ರಸಿದ್ಧವಾಯಿತು.

ಬಿಸಿಲು ಕಾಣದ ಒಳಾಂಗಣದಲ್ಲಿ ಹೆಸರು ಗಳಿಸಿದ ಈ ಹುಲ್ಲು ಇಂದು ಉರಿಬಿಸಿಲಿನ ತಾರಸಿಗಳ ಮೇಲೆ ಬಂದು ಕುಳಿತಿರುವುದು ವಿಚಿತ್ರವೇ ಸರಿ. ಬೆಂಗಳೂರಿನ ಹುಡುಗರ ಮಾತಿನಲ್ಲಿ ‘ಟರ್ಫ್’ ಎಂದರೆ ಗಂಟೆಗಿಷ್ಟೆಂದು ಬಾಡಿಗೆ ತೆತ್ತು ಆಡುವ, ಸುತ್ತಲೂ ಬಲೆ ಕಟ್ಟಿದ ಅಂಗಳವೆಂದೇ ಅರ್ಥ. ಅಪಾರ್ಟ್‌ಮೆಂಟುಗಳ ಸಂಘಗಳು ಮಕ್ಕಳಾಡುವ ಮಣ್ಣಿನ ಮೂಲೆಗೆ ಇದನ್ನು ಹೊದಿಸುತ್ತಿವೆ. ಬಾಲ್ಕನಿಗಳಲ್ಲಿಯೂ ಇದರ ತುಂಡುಗಳು ಕಾಣಸಿಗುತ್ತವೆ. ಕೊಳ್ಳುವವರಲ್ಲಿ ಬಹುಮಂದಿಯ ನಂಬಿಕೆ ಒಂದೇ: ಹಾಸಿಬಿಟ್ಟರೆ ಮುಗಿಯಿತು, ನೀರಿಲ್ಲ, ಕತ್ತರಿಯಿಲ್ಲ, ಮಾಲಿಯಿಲ್ಲ. ಈ ನಂಬಿಕೆಯಲ್ಲಿ ಅರ್ಧ ಮಾತ್ರ ನಿಜ. ಜೀವವಿಲ್ಲದ ಹುಲ್ಲಿಗೂ ಆರೈಕೆ ಬೇಕು. ಆರೈಕೆಯ ಬಗೆ ಬೇರೆ, ಅಷ್ಟೆ. ಇನ್ನು ಹಾಸುವುದಕ್ಕೆ ಮೊದಲೇ ಯೋಚಿಸಬೇಕಾದ ಸಂಗತಿಗಳಂತೂ ನಿಜವಾದ ಹುಲ್ಲಿಗಿಂತ ಹೆಚ್ಚು.

ನೆಲ ಬದಲಾದರೆ ಆಟವೂ ಬದಲಾಗುತ್ತದೆಂಬುದನ್ನು ಭಾರತದಷ್ಟು ನೋವಿನಿಂದ ಅರಿತ ದೇಶ ಇನ್ನೊಂದಿರಲಾರದು. 1928ರಿಂದ 1972ರ ವರೆಗೆ ಒಲಿಂಪಿಕ್ ಹಾಕಿಯಲ್ಲಿ ಭಾರತ ಪದಕವಿಲ್ಲದೆ ಮರಳಿದುದೇ ಇಲ್ಲ. 1975ರಲ್ಲಿ ಕ್ವಾಲಾಲಂಪುರದ ಹುಲ್ಲಿನ ಮೇಲೆ ವಿಶ್ವಕಪ್ಪನ್ನೂ ಗೆದ್ದಿತು, ಕೊಡಗಿನ ಬಿ. ಪಿ. ಗೋವಿಂದ ಆ ತಂಡದಲ್ಲಿದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹಾಕಿ ಮೊತ್ತಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು. ಭಾರತಕ್ಕೆ ದೊರೆತುದು ಏಳನೆಯ ಸ್ಥಾನ. ಎಲ್ಲ ಅಪರಾಧವನ್ನೂ ಹಾಸಿನ ತಲೆಗೆ ಕಟ್ಟುವುದು ನ್ಯಾಯವಲ್ಲ. 1980ರಲ್ಲಿ ಮಾಸ್ಕೋದ ಚಿನ್ನವೂ ಕೃತಕ ಹಾಸಿನ ಮೇಲೆಯೇ ಬಂದಿತು, ಕೊಡಗಿನ ಎಂ. ಎಂ. ಸೋಮಯ್ಯ ಅದರಲ್ಲಿ ಪಾಲುಗಾರರು. ಆದರೆ ಆಮೇಲೆ ಮತ್ತೊಂದು ಒಲಿಂಪಿಕ್ ಹಾಕಿ ಪದಕಕ್ಕಾಗಿ 2021ರಲ್ಲಿ ಟೋಕಿಯೋದಲ್ಲಿ ನಡೆದ ಕ್ರೀಡೆಗಳ ವರೆಗೆ ಕಾಯಬೇಕಾಯಿತು. ಹುಲ್ಲಿನ ನೆಲದಲ್ಲಿ ಚೆಂಡು ಪುಟಿಯುತ್ತದೆ, ತಡವರಿಸುತ್ತದೆ. ಅದನ್ನು ಕೋಲಿನ ತುದಿಯಲ್ಲಿ ಆಡಿಸುವ ಮಣಿಕಟ್ಟಿನ ಜಾಣ್ಮೆಗೆ ಅಲ್ಲಿ ಬೆಲೆ. ಹಾಸಿನ ಮೇಲೆ ಚೆಂಡು ಗಾಜಿನ ಮೇಲೆ ಜಾರಿದಂತೆ ಹೋಗುತ್ತದೆ. ಅಲ್ಲಿ ಬೇಕಾದುದು ಕಾಲಿನ ವೇಗ, ಎದೆಯ ಉಸಿರು. ಊರಿನ ಮಣ್ಣಿನಲ್ಲಿ ಕೈ ಪಳಗಿಸಿಕೊಂಡ ಹುಡುಗ ಪ್ರಾಯಕ್ಕೆ ಬಂದ ಮೇಲೆ ಮೊದಲ ಬಾರಿಗೆ ಇಂಥ ಹಾಸನ್ನು ಮೆಟ್ಟಿದರೆ ಕಲಿತುದರಲ್ಲಿ ಅರ್ಧವನ್ನು ಮರೆಯಬೇಕಾಗುತ್ತದೆ.

ಆದುದರಿಂದ ಶಾಲೆಯ ಆಡಳಿತ ಮಂಡಳಿಯವರು ಬಣ್ಣವನ್ನೂ ಬೆಲೆಯನ್ನೂ ವಿಚಾರಿಸುವುದಕ್ಕೆ ಮುನ್ನ, ಇಲ್ಲಿ ಯಾವ ಆಟ ಎಂಬುದನ್ನು ತೀರ್ಮಾನಿಸಿಕೊಳ್ಳತಕ್ಕದ್ದು. ಹಾಕಿಗೆ ಬೇಕಾದುದು ಗಿಡ್ಡನೆಯ, ಒತ್ತಾದ ಎಳೆಗಳ ಹಾಸು. 91.4 ಮೀಟರು ಉದ್ದ, 55 ಮೀಟರು ಅಗಲದ ಆ ಅಂಕಣಕ್ಕೆ ದೊಡ್ಡ ಪಂದ್ಯಗಳಲ್ಲಿ ಆಟಕ್ಕೆ ಮುನ್ನ ಸಾವಿರಾರು ಲೀಟರು ನೀರನ್ನು ಚಿಮ್ಮಿಸುವ ರೂಢಿಯುಂಟು. ನೀರಿಲ್ಲದೆಯೇ ಆಡಬಲ್ಲ ಹಾಸಿಗಾಗಿ ಅಂತರರಾಷ್ಟ್ರೀಯ ಹಾಕಿ ಸಂಸ್ಥೆ ಹುಡುಕುತ್ತಿರುವುದು ಈ ಕಾರಣದಿಂದಲೇ. ಬೇಸಗೆಯಲ್ಲಿ ಟ್ಯಾಂಕರು ಕಾಯುವ ಊರಿನವರು ಈ ಮಾತನ್ನು ಎರಡು ಬಾರಿ ಓದಿಕೊಳ್ಳುವುದು ಒಳ್ಳೆಯದು. ಫುಟ್‌ಬಾಲಿಗೆ 40ರಿಂದ 60 ಮಿಲಿಮೀಟರು ಉದ್ದದ ಪಾಲಿಥೀನ್ ಎಳೆಗಳು, ಅವುಗಳ ನಡುವೆ ಮರಳು ಮತ್ತು ರಬ್ಬರಿನ ಕಾಳು. ಟೆನಿಸ್ಸಿಗೆ ಗಿಡ್ಡ ಎಳೆ, ಅದರ ತುಂಬ ಮರಳು. ಎಲ್ಲ ಆಟಗಳಿಗೂ ಒಂದೇ ಹಾಸೆಂದು ಮಾರುವವನು ಯಾವ ಆಟಕ್ಕೂ ಸರಿಯಾದುದನ್ನು ಕೊಡುತ್ತಿಲ್ಲವೆಂದು ತಿಳಿಯಬೇಕು. ‘ಫೀಫಾ’ ಮುದ್ರೆಯ ಹೆಸರು ಹೇಳಿ ವ್ಯಾಪಾರ ಮಾಡುವವರೂ ಉಂಟು. ಆ ಮುದ್ರೆ ಅಂಗಡಿಯಲ್ಲಿರುವ ಸುರುಳಿಗೆ ಬೀಳುವುದಿಲ್ಲ; ಸರಕನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ, ಹಾಸಿ ಮುಗಿದ ಮೈದಾನವನ್ನೂ ಪರೀಕ್ಷಿಸಿದ ಮೇಲೆ ಆ ಮೈದಾನಕ್ಕೆ ಮಾತ್ರ, ಅದೂ ಗೊತ್ತಾದ ಅವಧಿಗೆ ಮಾತ್ರ, ಅದು ದೊರೆಯುತ್ತದೆ.

ಮೈದಾನದ ಆಯುಸ್ಸು ಕಣ್ಣಿಗೆ ಕಾಣುವ ಹಸಿರಿಗಿಂತ ಕಾಣದ ತಳವನ್ನೇ ಹೆಚ್ಚಾಗಿ ಅವಲಂಬಿಸಿದೆ. ಮಣ್ಣನ್ನು ಅಗೆದು, ಜಲ್ಲಿಯ ಪದರಗಳನ್ನು ಹಾಕಿ, ರೋಲರಿನಿಂದ ದಮ್ಮಸ್ಸು ಮಾಡಿ, ನೀರು ಹರಿದುಹೋಗಲು ವಾಟ ಕೊಟ್ಟು, ಅಂಚಿನಲ್ಲಿ ಚರಂಡಿ ತೆಗೆಯಬೇಕು. ಕಂಟ್ರಾಕ್ಟುದಾರನು ಉಳಿತಾಯ ಮಾಡುವುದು ಸಾಮಾನ್ಯವಾಗಿ ಇಲ್ಲಿಯೇ; ಮೇಲೆ ಹಾಸು ಬಿದ್ದ ಬಳಿಕ ಯಾರೂ ಎತ್ತಿ ನೋಡುವುದಿಲ್ಲವಷ್ಟೆ. ಮೊದಲನೆಯ ಮುಂಗಾರಿನಲ್ಲಿ ಅಲ್ಲಲ್ಲಿ ನೀರು ನಿಂತಾಗ ಗುಟ್ಟು ಹೊರಬೀಳುತ್ತದೆ. ಹಣವನ್ನು ಒಟ್ಟಿಗೆ ಕೊಡದೆ, ಜಲ್ಲಿ ಹಾಕಿದ ಮೇಲೆ ಬಿಂದಿಗೆಗಟ್ಟಲೆ ನೀರು ಸುರಿಸಿ ನೋಡಿ ಮುಂದಿನ ಕಂತನ್ನು ಕೊಡುವ ಸಂಘದವರು ಜಾಣರು.

ಅಂಗಡಿಯಲ್ಲಿ ಎಳೆ ಎಷ್ಟು ಉದ್ದವೆಂಬುದೊಂದನ್ನೇ ಹೇಳುತ್ತಾರೆ. ಒತ್ತಾಗಿಲ್ಲದ ಉದ್ದನೆಯ ಎಳೆ ಆರು ತಿಂಗಳಲ್ಲಿ ಮಲಗಿಬಿಡುತ್ತದೆ. ಹೆಬ್ಬೆರಳಿನಿಂದ ಎಳೆಗಳನ್ನು ಸರಿಸಿದಾಗ ತಳದ ಬಟ್ಟೆ ಸುಲಭವಾಗಿ ಕಂಡರೆ ಅದು ವಿರಳವಾದ ಮಾಲು. ಅಂಗೈಯಿಂದ ಒತ್ತಿ ಬಿಟ್ಟರೆ ಎಳೆ ಮೇಲೇಳಬೇಕು; ಒಂದು ಗೊಂಚಲನ್ನು ಹಿಡಿದು ಜಗ್ಗಿದರೆ ಕಿತ್ತುಬರಬಾರದು; ಬೆನ್ನಿನ ಕಡೆ ನೀರು ಇಳಿಯುವ ರಂಧ್ರಗಳಿರಬೇಕು. ಸೀಸವಿಲ್ಲವೆಂಬ ಪರೀಕ್ಷಾಪತ್ರವನ್ನು ಕೇಳಲು ಸಂಕೋಚ ಬೇಡ: 2008ರಲ್ಲಿ ಅಮೆರಿಕದ ನ್ಯೂ ಜೆರ್ಸಿಯಲ್ಲಿ ಹಳೆಯ ನೈಲಾನು ಹಾಸುಗಳಲ್ಲಿ ಸೀಸ ಕಂಡುಬಂದು ಮೈದಾನಗಳನ್ನೇ ಮುಚ್ಚಬೇಕಾಯಿತು.

ಇಷ್ಟೆಲ್ಲ ನೋಡಿ ಕೊಂಡರೂ ಬಿಸಿಲಿನ ಪ್ರಶ್ನೆ ಉಳಿಯುತ್ತದೆ. ಜೀವಂತ ಹುಲ್ಲು ಬೇರಿನಿಂದ ಹೀರಿದ ನೀರನ್ನು ಎಲೆಯ ಮೂಲಕ ಆವಿಯಾಗಿ ಬಿಡುತ್ತಾ ತನ್ನನ್ನು ತಾನೇ ತಂಪು ಮಾಡಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ಆ ವಿದ್ಯೆ ಬಾರದು. ನಡುಹಗಲಿನ ಬಿಸಿಲಿನಲ್ಲಿ ಕೃತಕ ಹಾಸಿನ ಮೇಲ್ಮೈ 60 ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಅಪರೂಪವೇನಲ್ಲ. ಪಕ್ಕದ ಹುಲ್ಲಿನ ಮೇಲೆ ಬರಿಗಾಲಿನಲ್ಲಿ ನಿಲ್ಲಬಹುದಾದ ಹೊತ್ತಿನಲ್ಲಿ ಇದರ ಮೇಲೆ ಕಾಲಿಡಲಾಗುವುದಿಲ್ಲ. ಕಪ್ಪು ರಬ್ಬರಿನ ಕಾಳುಗಳಿದ್ದರೆ ತಾಪ ಇನ್ನೂ ಹೆಚ್ಚು. ನೀರು ಚಿಮುಕಿಸಿದರೆ ತಣಿಯುತ್ತದೆ, ನಿಜ. ಅರ್ಧ ಗಂಟೆ ಕಳೆಯುವುದರೊಳಗೆ ಪುನಃ ಕಾಯುತ್ತದೆ. 2015ರಲ್ಲಿ ಕೆನಡಾದಲ್ಲಿ ಮಹಿಳೆಯರ ವಿಶ್ವಕಪ್ ಫುಟ್‌ಬಾಲನ್ನು ಪೂರ್ತಿಯಾಗಿ ಕೃತಕ ಹಾಸಿನ ಮೇಲೆ ಆಡಿಸಿದಾಗ, ಪುರುಷರಿಗೆ ಹುಲ್ಲು ತಮಗೆ ಪ್ಲಾಸ್ಟಿಕ್ಕೇ ಎಂದು ಹೆಸರಾಂತ ಆಟಗಾರ್ತಿಯರು ಹಿಂದಿನ ವರ್ಷವೇ ದೂರು ಸಲ್ಲಿಸಿದ್ದರು. ಅವರಾದರೋ ಬೂಟು ತೊಟ್ಟವರು, ದೂರು ಹೇಳಲು ಬಲ್ಲವರು. ಮೂರು ವರ್ಷದ ಮಗು ಚಪ್ಪಲಿ ಕಳಚಿಟ್ಟು ಓಡುತ್ತದೆ. ರಾಯಚೂರಿನ ಏಪ್ರಿಲ್ಲಿನಲ್ಲಿ, ಅಷ್ಟೇಕೆ ಬೆಂಗಳೂರಿನ ಮಾರ್ಚಿಯಲ್ಲಿಯೂ, ನೆರಳಿಲ್ಲದ ಕೃತಕ ಅಂಗಳ ಬೆಳಗ್ಗೆ ಹತ್ತರಿಂದ ಸಂಜೆ ಐದರ ವರೆಗೆ ಮಕ್ಕಳ ಪಾಲಿಗೆ ಇಲ್ಲದಂತೆಯೇ. ಮರವಿರುವ ಕಡೆ ಹಾಸಿಗಾಗಿ ಮರವನ್ನು ಕಡಿಸುವವರ ಬುದ್ಧಿಗೆ ಏನೆನ್ನಬೇಕೋ!

ಎಳೆಗಳ ನಡುವೆ ತುಂಬುವ ಕಾಳಿನ ವಿಷಯ ಇನ್ನೊಂದು ಬಗೆಯದು. ಹಳೆಯ ಟಯರುಗಳನ್ನು ಪುಡಿ ಮಾಡಿ ತೆಗೆದ ರಬ್ಬರು ಅಗ್ಗ, ಮೆತ್ತಗೂ ಹೌದು. ಆದರೆ ಅದು ಇದ್ದಲ್ಲಿ ಇರುವುದಿಲ್ಲ. ಮಕ್ಕಳ ಕಾಲುಚೀಲದಲ್ಲಿ ಕುಳಿತು ಮನೆಗೆ ಬರುತ್ತದೆ. ಬಚ್ಚಲಿನ ಜಾಲರಿಯಲ್ಲಿ ಸಿಕ್ಕುತ್ತದೆ. ಜೋರು ಮಳೆ ಬಂದರೆ ಚರಂಡಿಯನ್ನು ಸೇರಿ, ಅಲ್ಲಿಂದ ರಾಜಕಾಲುವೆಗೆ, ರಾಜಕಾಲುವೆಯಿಂದ ಕೆರೆಗೆ ಹೋಗುತ್ತದೆ. ಯೂರೋಪಿನ ಒಕ್ಕೂಟ 2023ರಲ್ಲಿ ಇಂಥ ಸೂಕ್ಷ್ಮ ಪ್ಲಾಸ್ಟಿಕ್ ಕಾಳುಗಳ ಮಾರಾಟವನ್ನು ನಿಷೇಧಿಸುವ ನಿಯಮವನ್ನು ಮಾಡಿ, ಆಟದ ಮೈದಾನಗಳಿಗೆ ಎಂಟು ವರ್ಷಗಳ ಗಡುವು ಕೊಟ್ಟಿದೆ. ಅಲ್ಲಿ ಬದಲಿಗೆ ಬಳಸುತ್ತಿರುವ ವಸ್ತುಗಳಲ್ಲಿ ಬೆಂಡಿನ ಮರದ ತೊಗಟೆಯ ಚೂರಿನೊಂದಿಗೆ ತೆಂಗಿನ ನಾರೂ ಒಂದೆಂದರೆ ತಿಪಟೂರಿನ ಕಡೆಯವರು ನಗಬಹುದು. ನಾರು ತೇವವನ್ನು ಹಿಡಿದುಕೊಂಡು ಹಾಸನ್ನು ತಂಪಾಗಿಡುತ್ತದೆ. ಆದರೆ ಒಣಗಿದರೆ ಗಾಳಿಗೆ ಹಾರುತ್ತದೆ, ಆಗಾಗ ನೀರು ಕೇಳುತ್ತದೆ, ಕೆಲವು ಕಾಲದ ಮೇಲೆ ಸವೆದು ಹುಡಿಯಾಗುತ್ತದೆ. ರಬ್ಬರನ್ನೇ ಬಳಸುವುದಾದರೆ ಮೈದಾನದ ಸುತ್ತ ಗಿಡ್ಡ ಕಟ್ಟೆ, ಬಾಗಿಲಲ್ಲಿ ಬೂಟು ಕೊಡವಲು ಒರಟು ಚಾಪೆ, ಚರಂಡಿಯ ಬಾಯಿಗೆ ಸೋಸುವ ಬಲೆ, ಈ ಮೂರೂ ಇರಲೇಬೇಕು.

ಮಕ್ಕಳ ಆಟದ ಮೂಲೆಯಲ್ಲಿ ಹಸಿರನ್ನು ಕಂಡೊಡನೆ ತಂದೆತಾಯಿಗಳು ನಿಶ್ಚಿಂತರಾಗುತ್ತಾರೆ. ಕಾಂಕ್ರೀಟಿನ ಮೇಲೆ ನೇರವಾಗಿ ಅಂಟಿಸಿದ ಹಾಸು ಹಸಿರು ಬಣ್ಣದ ಕಾಂಕ್ರೀಟೇ ಹೊರತು ಬೇರೆಯಲ್ಲ. ಜಾರುಬಂಡೆ, ಉಯ್ಯಾಲೆಗಳ ಕೆಳಗೆ ಹಾಸಿನ ಅಡಿಯಲ್ಲಿ ಮೆತ್ತನೆಯ ಫೋಮಿನ ಪದರ ಇರಬೇಕು. ಅದರ ದಪ್ಪವನ್ನು ಮಗು ಎಷ್ಟು ಎತ್ತರದಿಂದ ಬೀಳಬಹುದೆಂಬುದರ ಮೇಲೆ ನಿಶ್ಚಯಿಸುತ್ತಾರೆ. ಇಷ್ಟು ಎತ್ತರದ ಬೀಳಿಗೆ ಇದು ಸಾಕೆಂದು ಬರಹದಲ್ಲಿ ಕೊಡದ ಮಾರಾಟಗಾರನ ಬಾಯಿಮಾತಿಗೆ ಬೆಲೆಯಿಲ್ಲ. ನೆಲವೂ ನೆರಳೂ ನೀರೂ ಇರುವ ಕಡೆ ಗರಿಕೆಯೋ, ಆಳವಾಗಿ ಸುರಿದ ಶುದ್ಧವಾದ ಮರಳೋ ಮಕ್ಕಳಿಗೆ ಇದಕ್ಕಿಂತ ಮೇಲು. ದಿನವಿಡೀ ತಂಡ ತಂಡವಾಗಿ ಆಡುವ, ಹುಲ್ಲು ಉಳಿಯಲು ಸಾಧ್ಯವೇ ಇಲ್ಲದ ಮೈದಾನಗಳಿಗೂ ಮಣ್ಣೇ ಇಲ್ಲದ ತಾರಸಿಗೂ ಕೃತಕ ಹಾಸು ತಕ್ಕುದು.

ತಾರಸಿಗೆ ಹಾಸುವವರು ಮೊದಲು ಸೋರಿಕೆಯನ್ನು ಸರಿಪಡಿಸಿಕೊಳ್ಳಲಿ. ಹಾಸಿದ ಮೇಲೆ ಬಿರುಕು ಎಲ್ಲಿದೆಯೆಂದು ಹುಡುಕುವುದು ಕಷ್ಟ. ಸುರುಳಿಗಳು ಸಾಮಾನ್ಯವಾಗಿ 2 ಅಥವಾ 4 ಮೀಟರು ಅಗಲದವು. ಎರಡನ್ನು ಜೋಡಿಸುವಾಗ ಎಳೆಗಳೆಲ್ಲ ಒಂದೇ ದಿಕ್ಕಿಗೆ ಬಾಗಿರಬೇಕು, ಇಲ್ಲವಾದರೆ ಅರ್ಧ ಅಂಗಳ ತಿಳಿಹಸಿರು, ಅರ್ಧ ಕಡುಹಸಿರಾಗಿ ಕಾಣುತ್ತದೆ. ಬೆಂಕಿ ಇದರ ಪರಮ ವೈರಿ. ದೀಪಾವಳಿಯ ಒಂದು ಸುರುಸುರುಬತ್ತಿ ಸಾಕು, ಕರಗಿ ಕಪ್ಪಾದ ಗುಳಿ ಶಾಶ್ವತವಾಗಿ ಉಳಿಯುತ್ತದೆ. ಎದುರು ಮನೆಯ ದೊಡ್ಡ ಗಾಜಿನ ಕಿಟಕಿಯಿಂದ ಪ್ರತಿಫಲಿಸಿದ ಬಿಸಿಲೂ ಎಳೆಗಳನ್ನು ಮುದುಡಿಸಬಲ್ಲದು.

ಇನ್ನು ನಿತ್ಯದ ಆರೈಕೆ. ಒಣಗಿದ ಎಲೆ ಬಿದ್ದ ದಿನವೇ ತೆಗೆಯಬೇಕು; ಕೊಳೆತು ಎಳೆಗಳ ನಡುವೆ ಸೇರಿತೆಂದರೆ ಅದೇ ಗೊಬ್ಬರವಾಗಿ ನಿಜವಾದ ಕಳೆ ಹುಟ್ಟುತ್ತದೆ. ವಾರಕ್ಕೊಮ್ಮೆ ಬಿರುಸಾದ ನೈಲಾನು ಕೂದಲಿನ ಬ್ರಷ್ಷಿನಿಂದ, ಎಳೆ ಬಾಗಿರುವ ದಿಕ್ಕಿಗೆ ಎದುರಾಗಿ ಗುಡಿಸಿದರೆ ಮಲಗಿದ ಎಳೆ ಎದ್ದು ನಿಲ್ಲುತ್ತದೆ. ತಂತಿಯ ಬ್ರಷ್ಷು ಕೂಡದು. ಮೈದಾನಗಳಲ್ಲಿ ಗೋಲಿನ ಮುಂದೆ, ಪೆನಾಲ್ಟಿ ಹೊಡೆಯುವ ಜಾಗದಲ್ಲಿ ಕಾಳು ಬೇಗ ಚದರಿ ತಳ ಗಟ್ಟಿಯಾಗುತ್ತದೆ. ಅಲ್ಲಿಗೆ ಆಗಾಗ ಕಾಳು ತುಂಬದಿದ್ದರೆ ಬಿದ್ದವನ ಮೊಣಕಾಲು ಅದನ್ನು ಲೆಕ್ಕ ಹಾಕಿ ತೋರಿಸುತ್ತದೆ. ಮಳೆಗಾಲದಲ್ಲಿ ಗೋಡೆಯ ನೆರಳಿನ ಕಡೆ ಪಾಚಿ ಕಟ್ಟಿ ಜಾರುವುದನ್ನು ನೋಡುತ್ತಿರಬೇಕು. ನಾಯಿ ಸಾಕಿದ ಮನೆಯಲ್ಲಿ ದಿನವೂ ನೀರು ಹೊಯ್ಯದಿದ್ದರೆ ವಾಸನೆ ನಿಲ್ಲುತ್ತದೆ. ಮಣ್ಣಾದರೆ ಅದನ್ನು ಅರಗಿಸಿಕೊಳ್ಳುತ್ತಿತ್ತು. ಎಣ್ಣೆಯ ಕಲೆಗೆ ಸಾಬೂನಿನ ಉಗುರುಬೆಚ್ಚನೆಯ ನೀರು ಸಾಕು. ಅಂಟಿಕೊಂಡ ಚೂಯಿಂಗ್ ಗಮ್ಮನ್ನು ಐಸಿನ ತುಂಡಿನಿಂದ ಗಟ್ಟಿ ಮಾಡಿ ಕೆರೆದು ತೆಗೆಯಬಹುದು.

ಹೀಗೆ ನೋಡಿಕೊಂಡ ಮೈದಾನ ಎಂಟು ಹತ್ತು ವರ್ಷ ಬಾಳಿಕೆ ಬರುತ್ತದೆ. ಆಮೇಲೆ ಟನ್ನುಗಟ್ಟಲೆ ಮರಳು, ರಬ್ಬರು, ಪ್ಲಾಸ್ಟಿಕ್ಕು ಕೂಡಿಕೊಂಡ ಆ ಸುರುಳಿಗಳನ್ನು ಎಲ್ಲಿಗೆ ಸಾಗಿಸುವುದು? ಹಳೆಯ ಹಾಸನ್ನು ಮಾರಿದವನೇ ಎತ್ತಿಕೊಂಡು ಹೋಗಬೇಕೆಂಬ ಷರತ್ತನ್ನು ಕೊಳ್ಳುವ ದಿನವೇ ಕರಾರಿನಲ್ಲಿ ಬರೆಸಿಡುವುದು ಲೇಸು. ಅದೇ ದಿನ ಅದೇ ಸುರುಳಿಯಿಂದ ಒಂದೆರಡು ಮೀಟರನ್ನು ಹೆಚ್ಚಾಗಿ ಕೊಂಡು, ಬಿಸಿಲು ತಾಗದಂತೆ ಸುತ್ತಿಡಬೇಕು. ಸುಟ್ಟ ಕಡೆ ತೇಪೆ ಹಾಕುವ ಪ್ರಸಂಗ ಬಂದಾಗ ಅದೇ ಬಣ್ಣದ ಮಾಲು ಅಂಗಡಿಯಲ್ಲಿ ಮತ್ತೆ ಸಿಕ್ಕುವುದು ದುರ್ಲಭ.