ಹೊಂದಿಕೊಂಡು ಹೋಗುವ ಹುಡುಗಿ ನನಗೆ ಬೇಡ

ಬಂಗಾರಪೇಟೆಯ ಒಂದು ಮದುವೆ ಛತ್ರದಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ಕೂತಿದ್ದೆವು. ನಮ್ಮ ದೊಡ್ಡಮ್ಮ ಮದುಮಗಳನ್ನು ಕಣ್ಣಲ್ಲೇ ತೋರಿಸಿ, "ಹುಡುಗಿ ಅಪ್ಪಟ ಬಂಗಾರ ಕಣೆ. ಹೊಂದಿಕೊಂಡು ಹೋಗೋ ಸ್ವಭಾವ" ಎಂದರು. ಅದೇ ಉಸಿರಿನಲ್ಲಿ ನನ್ನ ಕಡೆ ತಿರುಗಿ, "ನೀನು ಏರೋಪ್ಲೇನನ್ನೇ ನಿಲ್ಲಿಸಿಬಿಡ್ತೀಯಂತಲ್ಲೇ? ಪಾಪ, ಜನ ಯಾವ್ಯಾವ ಅವಸರಕ್ಕೆ ಹೊರಟಿರ್ತಾರೋ. ಸ್ವಲ್ಪ ಅಡ್ಜಸ್ಟ್ ಮಾಡ್ಕೋಬಾರ್ದಾ?" ಎಂದು ಕೇಳಿದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಹಸಿದ ಹೊಟ್ಟೆಯಲ್ಲಿ, ರೇಷ್ಮೆ ಸೀರೆಯಲ್ಲಿ, ಹಿರಿಯರ ಎದುರು ಇನ್ನೇನು ಮಾಡಲಾಗುತ್ತದೆ? ಆದರೆ ಆ ಎರಡು ಮಾತುಗಳು ಒಂದರ ಬೆನ್ನಿಗೊಂದು ಬಂದದ್ದು ಬಹಳ ದಿನ ನನ್ನನ್ನು ಕಾಡಿತು. ಛತ್ರದಲ್ಲಿ ಕೊಡಲಾರದೆ ಹೋದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನೆಂದು ನಮ್ಮ ಕಡೆಯವರಿಗೆ ಹೇಳಿ ತಿಳಿಸುವುದು ಕಷ್ಟ. ವಿಮಾನ ಹಾರಿಸುವವಳಲ್ಲ, ಅದರಲ್ಲಿ ಕಾಫಿ ಕೊಡುವವಳೂ ಅಲ್ಲ. ರಿಪೇರಿ ಮಾಡುವವಳು ಎಂದರೆ ಅದೂ ಪೂರ್ತಿ ಸರಿಯಲ್ಲ. ರಿಪೇರಿ ಮಾಡುವವರು, ಮಾಡಿದ್ದೇವೆ ಎಂದು ಬರೆದು ಸಹಿ ಹಾಕುವವರು ಕಂಪನಿಯ ಎಂಜಿನಿಯರುಗಳು. ಅವರು ಬರೆದದ್ದಕ್ಕೂ ವಿಮಾನದಲ್ಲಿ ಇರುವುದಕ್ಕೂ ತಾಳೆ ಇದೆಯೇ ಎಂದು ಸರ್ಕಾರದ ಪರವಾಗಿ ನೋಡುವವಳು ನಾನು. ಟೈರಿನ ಸವಕಳಿ, ಎಲ್ಲಿಂದಲಾದರೂ ಎಣ್ಣೆ ಜಿನುಗುತ್ತಿದೆಯೇ, ಹಾರಾಟದ ಪುಸ್ತಕದಲ್ಲಿ ನಿನ್ನೆಯ ಪೈಲಟ್ ಏನು ದೂರು ಬರೆದಿದ್ದಾನೆ, ಅದಕ್ಕೆ ಯಾರು ಏನು ಮಾಡಿದರು, ಹಾಕಿದ ಬಿಡಿಭಾಗ ಎಲ್ಲಿಂದ ಬಂತು, ಅದರ ಕಾಗದ ಎಲ್ಲಿ. ಎಲ್ಲವೂ ಸರಿಯಿದ್ದ ದಿನ ನನ್ನನ್ನು ಯಾರೂ ಗಮನಿಸುವುದಿಲ್ಲ. ಸರಿಯಿಲ್ಲದ ದಿನ "ಇಲ್ಲ, ಇದು ಹೋಗಕೂಡದು" ಎನ್ನಬೇಕು. ಆ ದಿನ ನನಗಿಂತ ಕೆಟ್ಟವಳು ಆ ವಿಮಾನ ನಿಲ್ದಾಣದಲ್ಲಿ ಇರುವುದಿಲ್ಲ.

ಈ ಕೆಟ್ಟವಳ ಕಸುಬನ್ನು ನಾನು ಕಲಿತದ್ದು ಆಕಾಶ ನೋಡಿಕೊಂಡಲ್ಲ. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಲೈನುಗಳಲ್ಲಿ ಹುಟ್ಟಿದ ನಮಗೆ ಗೊತ್ತಿದ್ದದ್ದು ನೆಲದ ಕೆಳಗಿನ ಲೋಕ. ಅಲ್ಲಿನ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. ಒಳಗೆ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಅಲುಗುತ್ತಿದ್ದವು. ಅದಕ್ಕೆ ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಸದ್ದು ಕೇಳಿದ ಕೂಡಲೇ ಹೆಂಗಸರು ಕೈಯಲ್ಲಿದ್ದದ್ದನ್ನು ಬಿಟ್ಟು ಬಾಗಿಲಿಗೆ ಬಂದು, ಶಾಫ್ಟಿನ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ಮಾತಿಲ್ಲ. ಯಾರ ಮನೆಯವರು ಯಾವ ಶಿಫ್ಟು ಎಂದು ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು.

ಅಪ್ಪ ಶಾಫ್ಟಿನ ಮೇಲೆ ಫಿಟ್ಟರ್. ಜನರನ್ನು ಇಳಿಸುವ ಪಂಜರ ನೇತಾಡುವ ಉಕ್ಕಿನ ಹಗ್ಗವನ್ನು ನೋಡುವುದು ಅವರ ಕೆಲಸಗಳಲ್ಲೊಂದು. ಹಗ್ಗವನ್ನು ನಿಧಾನವಾಗಿ ಓಡಿಸುತ್ತಾರೆ. ಅಪ್ಪ ಹಿಡಿಯಷ್ಟು ಹತ್ತಿ ವೇಸ್ಟನ್ನು ಅದಕ್ಕೆ ಒತ್ತಿ ಹಿಡಿದು ನಿಲ್ಲುತ್ತಾರೆ. ಎಲ್ಲಾದರೂ ಒಂದು ತಂತಿ ಮುರಿದಿದ್ದರೆ ಅದು ಹತ್ತಿಯ ಎಳೆಯನ್ನು ಕಿತ್ತುಕೊಳ್ಳುತ್ತದೆ. ಕಿತ್ತುಕೊಂಡರೆ ನಿಲ್ಲಿಸು, ಒರೆಸು, ಎಣಿಸು, ಅಳೆ, ಪುಸ್ತಕದಲ್ಲಿ ಬರೆ. ಅರ್ಧ ಗಂಟೆ ತಡ. ಆಗ ಬೈಯುತ್ತಿದ್ದವರು ಯಾರು ಅಂದುಕೊಂಡಿರಿ? ಆ ಹಗ್ಗಕ್ಕೇ ಜೋತುಬಿದ್ದು ಇಳಿಯಬೇಕಾದವರು! ತಮಿಳು, ತೆಲುಗು, ಕನ್ನಡ ಮೂರು ಭಾಷೆಗಳಲ್ಲೂ ಬೈಗುಳ ಕೇಳಿಕೊಂಡು ಅಪ್ಪ ಮನೆಗೆ ಬಂದು ಸುಮ್ಮನೆ ಮುದ್ದೆ ಉಣ್ಣುತ್ತಿದ್ದರು. ಆಳಕ್ಕಿಳಿದು ಜನರನ್ನು ಎಳೆದು ತಂದವರಿಗೆ ಲೈನಿನಲ್ಲಿ ಹಾರ ಬಿದ್ದದ್ದನ್ನು ನೋಡಿದ್ದೇನೆ. ಹಗ್ಗ ನೋಡಿದವನಿಗೆ ಹಾರ ಹಾಕಿದ್ದನ್ನು ನೋಡಲಿಲ್ಲ. ಏನೂ ಆಗದಂತೆ ನೋಡಿಕೊಂಡವನಿಗೆ ಯಾವ ಘಟನೆಗೆಂದು ಹಾರ ಹಾಕುತ್ತಾರೆ?

ಹೆಣ್ಣುಮಕ್ಕಳು ಗಣಿಯೊಳಗೆ ಕೆಲಸಕ್ಕೆ ಇಳಿಯುವಂತಿಲ್ಲ ಎಂದು 1952ರ ಗಣಿ ಕಾಯಿದೆ ಹೇಳುತ್ತಿತ್ತು. ಆ ಬಾಗಿಲನ್ನು ಒಂದಿಷ್ಟು ತೆರೆದದ್ದು 2019ರಲ್ಲಿ. ನಮ್ಮ ಗಣಿ ಮುಚ್ಚಿದ್ದೇ 2001ರಲ್ಲಿ. ಹೀಗಾಗಿ ನಾನು ಮೇಲೆ ಹೋದೆ ಎಂದು ತಮಾಷೆಗೆ ಹೇಳುವುದುಂಟು. ನಿಜ ಬೇರೆ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಏರ್‌ಬಸ್ ಎ-320 ಬೆಂಗಳೂರಿನಲ್ಲಿ ಇಳಿಯುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಿದ್ದು 92 ಜನ ಸತ್ತರು. ಊರೆಲ್ಲ ಪೈಲಟ್, ಹೊಸ ವಿಮಾನ ಎಂದು ಮಾತಾಡುತ್ತಿದ್ದಾಗ ಅಪ್ಪ ಪತ್ರಿಕೆ ಮಡಚಿ, "ಅದನ್ನ ಬೆಳಿಗ್ಗೆ ನೋಡಿದ್ದು ಯಾರು?" ಎಂದರು, ಅಷ್ಟೇ. ಆ ಅಪಘಾತದಲ್ಲಿ ತಪ್ಪಿದ್ದದ್ದು ಕಾಕ್‌ಪಿಟ್ಟಿನಲ್ಲಿ ಎಂದು ಮುಂದೆ ವಿಚಾರಣೆಯಲ್ಲಿ ಹೊರಬಂತು, ಬೆಳಿಗ್ಗೆ ನೋಡಿದವರ ಕೈಯಲ್ಲಲ್ಲ. ಆದರೂ ಅಪ್ಪನ ಪ್ರಶ್ನೆ ನನ್ನೊಳಗೆ ಉಳಿಯಿತು. ಎಂಜಿನಿಯರಿಂಗ್ ಮುಗಿಸಿ, ಪರೀಕ್ಷೆ ಬರೆದು, ಈ ಕೆಲಸಕ್ಕೆ ಸೇರಿದೆ.

ಇನ್ನು ಈ 'ಸ್ವಲ್ಪ ಅಡ್ಜಸ್ಟ್' ಎಷ್ಟು ದೂರ ಕರೆದೊಯ್ಯುತ್ತದೆ ಕೇಳಿ. 1990ರ ಜೂನ್ 10ರಂದು ಇಂಗ್ಲೆಂಡಿನಲ್ಲಿ ಒಂದು ವಿಮಾನ ಮೇಲೇರುತ್ತಿದ್ದಾಗ ಕ್ಯಾಪ್ಟನ್ ಎದುರಿನ ಗಾಜು ಕಿತ್ತು ಹೋಯಿತು. ಆತ ಸೊಂಟದವರೆಗೂ ಹೊರಕ್ಕೆ ಸೆಳೆದುಹೋದ. ಒಳಗಿನವರು ಕಾಲು ಹಿಡಿದುಕೊಂಡೇ ಇದ್ದರು, ಸಹ ಪೈಲಟ್ ವಿಮಾನ ಇಳಿಸಿದ. ಬದುಕಿದ್ದು ಪುಣ್ಯ. ಆ ಗಾಜನ್ನು ಹಿಂದಿನ ದಿನ ಬೆಳಗಿನ ಜಾವ ಬದಲಾಯಿಸಿದ್ದರು. 90 ಬೋಲ್ಟುಗಳಲ್ಲಿ 84 ಬೇಕಾದ್ದಕ್ಕಿಂತ ಸಣ್ಣ. ಎಷ್ಟು ಸಣ್ಣ? ಒಂದು ಮಿಲಿಮೀಟರೂ ಅಲ್ಲ. ಬೇರೆ ಅಳತೆಯದು ಬೇಕು ಎಂದು ಉಗ್ರಾಣದವನು ಹೇಳಿದ್ದ. ಕೆಲಸ ಮಾಡಿದಾತ ಅನುಭವಸ್ಥ, ಒಳ್ಳೆಯ ಹೆಸರಿದ್ದವನು. ಕೈಬಿಡಿ ನೋಡುವುದರ ಬದಲು ಬಿಚ್ಚಿದ ಹಳೆಯ ಬೋಲ್ಟನ್ನು ಹೊಸದರ ಪಕ್ಕ ಹಿಡಿದು, ಇದೇ ಆಯಿತು ಎಂದುಕೊಂಡ. ಎರಡನೆಯವರು ಬಂದು ನೋಡಬೇಕೆಂಬ ಕಟ್ಟಳೆ ಆ ಕೆಲಸಕ್ಕೆ ಇರಲಿಲ್ಲ.

ಜಪಾನಿನದು ಇನ್ನೂ ಘೋರ. 1978ರಲ್ಲಿ ಬಾಲ ನೆಲಕ್ಕೆ ಬಡಿದ ಒಂದು ಜಂಬೋ ವಿಮಾನಕ್ಕೆ ತೇಪೆ ಹಾಕುವಾಗ, ಎರಡು ಸಾಲು ರಿವೆಟ್ ಹೊರಬೇಕಾದ ಭಾರವನ್ನು ಒಂದೇ ಸಾಲು ಹೊರುವಂತೆ ಮಾಡಿದ್ದರು. ಅದು ಏಳು ವರ್ಷ ಹೊಂದಿಕೊಂಡು ಹೋಯಿತು! 1985ರ ಆಗಸ್ಟ್ 12ರಂದು ಸೋತಿತು. ಒಂದೇ ವಿಮಾನದಲ್ಲಿ 520 ಜೀವ.

ದೂರದ ಕತೆ ಯಾಕೆ, ನನ್ನದನ್ನೇ ಹೇಳುತ್ತೇನೆ. ಕೆಲಸಕ್ಕೆ ಸೇರಿ ಕೆಲವು ವರ್ಷವಾಗಿತ್ತು. ಒಂದು ಕಂಪನಿಯ ವಿಮಾನ, ಹೆಸರು ಬೇಡ. ಚಕ್ರಗಳು ಮಡಚಿ ಒಳಸೇರುವ ಗೂಡಿನಲ್ಲಿ ಒಂದು ಹೈಡ್ರಾಲಿಕ್ ಪೈಪಿನ ಕ್ಲಾಂಪ್ ಕಳಚಿ, ಪೈಪು ಪಕ್ಕದ ಪೈಪಿಗೆ ಉಜ್ಜುತ್ತಿತ್ತು. ಪೈಪನ್ನು ಬದಲಿಸಿ ಕ್ಲಾಂಪ್ ಹಾಕಬೇಕು ಎಂದು ಬರೆದೆ. ಎರಡು ದಿನದ ನಂತರ ಸಂಜೆ ಅವರ ಕಡೆಯವರು ಕಾಗದ ತಂದರು: ಎರಡೂ ಆಗಿದೆ. ತಂದವರು ಬಹಳ ಸಭ್ಯರು, ನಮ್ಮ ಕೋಲಾರದ ಕಡೆಯವರೇ. "ಮೇಡಂ, ಗೂಡಿನ ಬಾಗಿಲು ಈಗ ತಾನೇ ಮುಚ್ಚಿದ್ವಿ. ಮತ್ತೆ ತೆಗೆದ್ರೆ ಇನ್ನೊಂದು ಗಂಟೆ. ಕಾಗದ ಇದೆಯಲ್ಲ?" ಮಾರನೆಯ ದಿನ ಬಂಗಾರಪೇಟೆಯಲ್ಲಿ ತಂಗಿಯ ಮಗುವಿಗೆ ನಾಮಕರಣ. ಕೆ.ಆರ್. ಪುರದಲ್ಲಿ ಮಾರಿಕುಪ್ಪಂ ಕಡೆಯ ರೈಲು ಹಿಡಿಯಬೇಕು. ಕಾಗದ ನೋಡಿದೆ, ಸಹಿ ಹಾಕಿದೆ, ರೈಲು ಸಿಕ್ಕಿತು. ಕಿಟಕಿ ಪಕ್ಕದ ಸೀಟು ಕೂಡ.

ಮೂರು ವಾರದ ಮೇಲೆ ಅದೇ ವಿಮಾನ ಮತ್ತೆ ಎದುರಿಗೆ ಬಂತು. ಟಾರ್ಚ್ ಹಿಡಿದು ಗೂಡಿನೊಳಗೆ ತಲೆ ಹಾಕಿದೆ. ಹೊಸ ಕ್ಲಾಂಪ್ ಹೊಳೆಯುತ್ತಿತ್ತು. ಪೈಪು ಹಳೆಯದೇ. ಉಜ್ಜಿದ ಗಾಯದ ಮೇಲೆ ಉಗುರು ಎಳೆದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಆ ಮೂರು ವಾರ ಆ ವಿಮಾನದಲ್ಲಿ ಎಷ್ಟು ತಾಯಂದಿರು, ಎಷ್ಟು ಮಕ್ಕಳು ಕೂತಿದ್ದರೋ. ಅವರಿಗೆ ನನ್ನ ಹೆಸರು ಗೊತ್ತಿಲ್ಲ. ಅವರ ಮತ್ತು ಆ ಗಾಯದ ನಡುವೆ ಇದ್ದದ್ದು ನನ್ನ ಸಹಿ, ಅದನ್ನು ನಾನು ನಾಮಕರಣಕ್ಕೆ ಕೊಟ್ಟುಬಿಟ್ಟಿದ್ದೆ. ಅಲ್ಲೇ ವಿಮಾನ ನಿಲ್ಲಿಸಿದೆ. ಹಿಂದಿನ ಸಹಿ ನೋಡದೆ ಹಾಕಿದ್ದು ಎಂದು ನನ್ನ ಕೈಯಿಂದಲೇ ಬರೆದುಕೊಟ್ಟೆ. ಆ ಕಾಗದ ತಂದಿದ್ದಾತ ಆಮೇಲೆ ಎದುರಾದಾಗಲೆಲ್ಲ ಮುಖ ತಿರುಗಿಸುತ್ತಿದ್ದರು. ನನಗೆ ಅವರ ಮೇಲೆ ಬಂದ ಸಿಟ್ಟಿಗಿಂತ, 'ಅಯ್ಯೋ ಪಾಪ, ಬೇಜಾರು ಮಾಡಿಕೊಳ್ಳುತ್ತಾರೆ' ಎಂದು ಕರಗಿದ ನನ್ನ ಮನಸ್ಸಿನ ಮೇಲೆ ಬಂದ ಸಿಟ್ಟೇ ಹೆಚ್ಚು.

ಆ ಕರಗುವ ಮನಸ್ಸು ಎಲ್ಲಿಂದ ಬಂತು? ನಾವೇ ಕೊಟ್ಟದ್ದು, ನಮ್ಮ ಮನೆಗಳಲ್ಲಿ, ಹೆಣ್ಣುಮಕ್ಕಳಿಗೆ ಹಾಲು ಕುಡಿಸುವ ಹೊತ್ತಿನಿಂದ. ಎದುರು ಮಾತಾಡಬೇಡ, ದೊಡ್ಡವರು ಹೇಳಿದ ಮೇಲೆ ಮುಗಿಯಿತು, ನೀನೇ ಸ್ವಲ್ಪ ಅನುಸರಿಸಿಕೊಂಡು ಹೋಗಮ್ಮ. ಇಷ್ಟೆಲ್ಲ ಕಲಿಸಿ ಅದೇ ಹುಡುಗಿಯನ್ನು ಓದಿಸಿ ಹ್ಯಾಂಗರಿಗೆ ಕಳಿಸುತ್ತೇವೆ. ಅಲ್ಲಿ ರಾತ್ರಿ ಎರಡು ಗಂಟೆಗೆ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನೊಬ್ಬ "ನಾವು ಇಲ್ಲಿ ಯಾವಾಗಲೂ ಹೀಗೇ ಮಾಡೋದು, ಸಹಿ ಹಾಕಮ್ಮ" ಎಂದಾಗ ಅವಳು ಎಲ್ಲಿಂದ 'ಇಲ್ಲ' ತರಬೇಕು? ವಿಮಾನ ದುರಸ್ತಿಯಲ್ಲಿ ಮನುಷ್ಯರು ತಪ್ಪು ಮಾಡಲು ಹನ್ನೆರಡು ಕಾರಣಗಳಿವೆ ಎಂದು ಕೆನಡಾದಲ್ಲಿ ಗಾರ್ಡನ್ ಡುಪಾಂಟ್ ಎಂಬುವರು 1993ರಲ್ಲಿ ಪಟ್ಟಿ ಮಾಡಿದರು. ಇವತ್ತು ಲೋಕದಾದ್ಯಂತ ಅದನ್ನು ಪಾಠ ಹೇಳುತ್ತಾರೆ. ದಣಿವು, ಒತ್ತಡ ಇವುಗಳ ಜೊತೆಗೆ 'ಗಟ್ಟಿಯಾಗಿ ಹೇಳಲು ಹಿಂಜರಿಯುವುದು' ಅದರಲ್ಲಿದೆ, 'ಇಲ್ಲಿ ಹೀಗೇ ಮಾಡುವುದು' ಎಂಬುದೂ ಇದೆ. ನಮ್ಮ ವಧುಪರೀಕ್ಷೆಯಲ್ಲಿ ನೂರಕ್ಕೆ ನೂರು ಅಂಕ ಕೊಡುವ ಗುಣಗಳು ಅಲ್ಲಿ ಸಾವಿನ ಕಾರಣಗಳ ಪಟ್ಟಿಯಲ್ಲಿ ಕೂತಿವೆ!

ಹಾಗಾದರೆ ಹೊಂದಾಣಿಕೆಯೇ ಇಲ್ಲದೆ ಸಂಸಾರ ನಡೆಯುತ್ತದೆಯೇ ಎಂದು ನೀವು ಕೇಳುತ್ತೀರಿ, ಗೊತ್ತು. ನಡೆಯುವುದಿಲ್ಲ. ವಿಮಾನವೂ ನಡೆಯುವುದಿಲ್ಲ. ಒಂದೂ ಕೊರತೆಯಿಲ್ಲದ ವಿಮಾನ ಅಪರೂಪ. ಯಾವುದು ಕೆಟ್ಟಿದ್ದರೂ ಹಾರಬಹುದು, ಯಾವುದು ಕೆಟ್ಟರೆ ಅಲುಗಕೂಡದು ಎಂದು ಪ್ರತಿಯೊಂದಕ್ಕೂ ಪಟ್ಟಿಯಿದೆ. ಎಂಇಎಲ್ ಎನ್ನುತ್ತೇವೆ. ಆದರೆ ಹಾರಬಹುದು ಎಂದ ಕೊರತೆಗೂ ಗಡುವಿದೆ: ಬಿ ವರ್ಗಕ್ಕೆ 3 ದಿನ, ಸಿ ವರ್ಗಕ್ಕೆ 10, ಡಿ ವರ್ಗಕ್ಕೆ 120. ಕೆಟ್ಟದ್ದಕ್ಕೆ ಚೀಟಿ ಅಂಟಿಸಿ, ತಾರೀಖು ಬರೆದು, ಪೈಲಟ್ಟಿಗೆ ತಿಳಿಸಬೇಕು. ಗಡುವು ಮುಗಿದರೆ ವಿಮಾನ ನಿಲ್ಲುತ್ತದೆ. ಈಗ ಹೇಳಿ, ನಮ್ಮ ಮನೆಯ ಹೊಂದಾಣಿಕೆಗಳಿಗೆ ತಾರೀಖು ಎಲ್ಲಿದೆ? ನಮ್ಮಮ್ಮ ತನ್ನ ಮಂಡಿನೋವನ್ನು 'ಈ ಹಬ್ಬ ಮುಗೀಲಿ' ಎಂದು ಹನ್ನೆರಡು ವರ್ಷ ಮುಂದೂಡಿದಳು. ಗಂಡನ ಕುಡಿತಕ್ಕೆ, ಅತ್ತೆಯ ಮಾತಿಗೆ, ಸಂಬಳ ಕೈಗೆ ಸಿಗದಿರುವುದಕ್ಕೆ 'ಸದ್ಯಕ್ಕೆ' ಎಂದು ಹೊಂದಿಕೊಂಡವರು ಆ ಸದ್ಯದಲ್ಲೇ ಮುದುಕಿಯರಾದರು. ಯಾರೂ ಚೀಟಿ ಅಂಟಿಸಲಿಲ್ಲ.

ದೇಶವೂ ಹೀಗೇ ಹೊಂದಿಕೊಳ್ಳುತ್ತಿದೆ. 2014ರ ಜನವರಿಯಲ್ಲಿ ಅಮೆರಿಕದ ಎಫ್‌ಎಎ ಭಾರತದ ವಿಮಾನ ಸುರಕ್ಷೆಯ ದರ್ಜೆಯನ್ನು ಇಳಿಸಿತು. ತರಬೇತಾದ ತಪಾಸಕರು ಸಾಕಷ್ಟಿಲ್ಲ ಎಂಬುದು ಆಗ ಬಂದ ಆಕ್ಷೇಪಗಳಲ್ಲೊಂದು. 2015ರ ಏಪ್ರಿಲ್‌ನಲ್ಲಿ ದರ್ಜೆ ಮರಳಿತು. ಹತ್ತು ವರ್ಷದ ಮೇಲೆ, 2025ರಲ್ಲಿ, ಡಿಜಿಸಿಎಯ ಮಂಜೂರಾದ ಹುದ್ದೆಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಖಾಲಿ ಎಂದು ಸಂಸತ್ತಿನ ಸಮಿತಿಯೇ ಬರೆಯಿತು. ವಿಮಾನಗಳು ಮಾತ್ರ ನೂರಾರು ಹೊಸದಾಗಿ ಬರುತ್ತಿವೆ. ಮನೆಗೆ ನೆಂಟರು ಹೆಚ್ಚಿದಾಗ ಒಬ್ಬಳೇ ಸೊಸೆಗೆ 'ನಿಭಾಯಿಸಮ್ಮ' ಎಂದಂತೆ.

ಅದೇ ವರ್ಷ ಜೂನ್ 12ರಂದು ಅಹಮದಾಬಾದಿನಲ್ಲಿ ವಿಮಾನ ಬಿದ್ದು 260 ಜನ ಸತ್ತರು. ಜುಲೈಯಲ್ಲಿ ಬಂದ ಪ್ರಾಥಮಿಕ ವರದಿ ಕಾರಣವನ್ನು ತೀರ್ಮಾನಿಸಲಿಲ್ಲ, ನಾನೂ ತೀರ್ಮಾನಿಸುವುದಿಲ್ಲ. ಆದರೆ ಅದರಲ್ಲಿದ್ದ ಒಂದು ವಿಷಯವನ್ನು ಎರಡು ಸಲ ಓದಿದೆ. ಇಂಧನ ಸ್ವಿಚ್ಚುಗಳ ಲಾಕನ್ನು ಪರೀಕ್ಷಿಸಿ ಎಂದು ಎಫ್‌ಎಎ 2018ರಲ್ಲೇ ತಿಳಿಸಿತ್ತು. ಅದು ಸಲಹೆ ಮಾತ್ರ, ಕಡ್ಡಾಯವಲ್ಲ. ಆದ್ದರಿಂದ ಆ ಪರೀಕ್ಷೆ ಮಾಡಿರಲಿಲ್ಲ. ವರದಿ ಬಂದ ಮೇಲೆ ಜುಲೈ 14ರಂದು ಆದೇಶ ಹೊರಟಿತು: 21ರೊಳಗೆ ನೋಡಿ ಮುಗಿಸಿ. ಏಳು ವರ್ಷ ಕಾದಿದ್ದ ಕೆಲಸಕ್ಕೆ ಸಾಕಾದದ್ದು ಒಂದು ವಾರ.

ರಾಬರ್ಟ್‌ಸನ್‌ಪೇಟೆಯ ಹುಡುಗಿಯೊಬ್ಬಳು ಲೈಸೆನ್ಸ್ ಪಡೆದ ಎಂಜಿನಿಯರ್. ಮೊನ್ನೆ ಫೋನ್ ಮಾಡಿದ್ದಳು. ಬ್ರೇಕಿನ ಒಂದು ಕೆಲಸಕ್ಕೆ ಸಹಿ ಹಾಕಲ್ಲ ಎಂದಿದ್ದಾಳೆ. ಬೇರೊಬ್ಬರು ಹಾಕಿಲ್ಲ, ಬೆಳಗಿನ ವಿಮಾನ ಹೋಗಿಲ್ಲ. ಇಡೀ ಶಿಫ್ಟು ಅವಳೊಡನೆ ಮಾತು ಬಿಟ್ಟಿದೆ. "ಅಮ್ಮ ಬೈತಿದ್ದಾರೆ ಅಕ್ಕಾ, ಗಂಡು ನೋಡ್ತಿರೋ ಹೊತ್ತಲ್ಲಿ ಇದೆಲ್ಲ ಯಾಕೆ ಅಂತ. ನಾನು ತಪ್ಪು ಮಾಡಿದ್ನಾ?" ಎಂದು ಅತ್ತಳು. ನಾನು ಅವಳ ತಾಯಿಗೆ ಫೋನ್ ಕೊಡು ಎಂದೆ. ಆ ತಾಯಿಯ ಯಜಮಾನರೂ ಗಣಿಯಲ್ಲಿದ್ದವರು. ಅಪ್ಪನ ಹತ್ತಿ ವೇಸ್ಟಿನ ಕತೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಯಜಮಾನ್ರೂ ಆ ಹಗ್ಗದಲ್ಲೇ ಇಳೀತಿದ್ದದ್ದು" ಎಂದರು.

ಇನ್ನು ದೊಡ್ಡಮ್ಮನ ಸುದ್ದಿ. ಮದುವೆಯಾದ ನಾಲ್ಕು ತಿಂಗಳಿಗೆ ಅವರು ಮೊದಲ ಸಲ ವಿಮಾನ ಹತ್ತಿದರು, ಪುಣೆಯ ಮಗನ ಮನೆಗೆ. ಬೆಳಿಗ್ಗೆಯೇ ನಿಲ್ದಾಣದಿಂದ ಫೋನ್. "ಎರಡು ಗಂಟೆ ತಡ ಅಂತೆ ಕಣೆ. ಏನೋ ರಿಪೇರಿ. ಜನ ಕೂಗಾಡ್ತಿದಾರೆ. ನಿಮ್ಮೋರೇ ಯಾರೋ ನಿಲ್ಲಿಸಿರ್ಬೇಕು."

"ಇರಬಹುದು ದೊಡ್ಡಮ್ಮ. ನೀವೇನು ಮಾಡ್ತಿದೀರಿ?"

"ನಾನೇನು ಮಾಡ್ಲಿ, ಕೂತಿದೀನಿ. ಚೆನ್ನಾಗಿ ನೋಡ್ಕೊಂಡೇ ಬಿಡ್ಲಿ ಬಿಡು. ಅದಿರ್ಲಿ, ಇಲ್ಲಿ ಎರಡು ಇಡ್ಲಿಗೆ ಎಷ್ಟು ತಗೊಂಡ್ರು ಗೊತ್ತಾ?"